ಹಸಿರು ದೀಪ ಹತ್ತದ ಪ್ರಬಂಧ

ಕೇಳಿದ ಕೂಡಲೇ ಎಂಥ ಪ್ರಬಂಧವನ್ನಾದರೂ ಬರೆದುಕೊಡುವ ಯಂತ್ರಗಳು ಮನೆಮನೆಗೆ ಬಂದ ಮೇಲೆ ಕಾಲೇಜಿನವರಿಗೆ ಪೀಕಲಾಟಕ್ಕಿಟ್ಟುಕೊಂಡಿತು. ಪ್ರವೇಶದ ಅರ್ಜಿಯ ಜೊತೆ ಬರುವ ಪ್ರಬಂಧಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಗಣಪತಿಗಳಂತೆ ನುಣ್ಣಗೆ, ಚೆಂದಗೆ ಇದ್ದವು. ಹುಡುಗರೆಲ್ಲ ಆರನೆಯ ವಯಸ್ಸಿನಲ್ಲೇ ನಕ್ಷತ್ರ ನೋಡಿ ಬೆರಗಾಗಿದ್ದರು. ಹುಡುಗಿಯರೆಲ್ಲ ಅಜ್ಜಿಯ ಕಾಯಿಲೆ ಕಂಡು ಡಾಕ್ಟರಾಗುವ ಪಣ ತೊಟ್ಟಿದ್ದರು. ಇದರಲ್ಲಿ ಖರೆ ಯಾವುದು, ಕಟ್ಟಿದ್ದು ಯಾವುದು ಎಂದು ಹೇಳಬಲ್ಲ ಗಂಡಸಾಗಲಿ ಹೆಂಗಸಾಗಲಿ ಇಡೀ ರಾಜ್ಯದಲ್ಲಿ ಇರಲಿಲ್ಲ.

ಆಗ ಬಂದದ್ದು ಸಾಕ್ಷಿಪಟ್ಟಿ. ಸರ್ಕಾರದ ಕಾಗದಗಳಲ್ಲಿ ಅದಕ್ಕೆ 'ಸ್ವಾನುಭವ ಮಾಪಕ' ಎಂಬ ಭಾರದ ಹೆಸರಿತ್ತು. ಮಕ್ಕಳ ಬಾಯಲ್ಲಿ ಉಳಿದದ್ದು ಸಾಕ್ಷಿಪಟ್ಟಿಯೇ. ಹಣೆಯಿಂದ ಹಿಂದಲೆಯವರೆಗೆ ಸುತ್ತಿ ಕಟ್ಟುವ, ಎರಡು ಬೆರಳಗಲದ ಪಟ್ಟಿ. ಅದನ್ನು ಕಟ್ಟಿಕೊಂಡು ಪರೀಕ್ಷಾ ಕೇಂದ್ರದಲ್ಲಿ ಕುಳಿತು ಪ್ರಬಂಧ ಬರೆಯಬೇಕು. ಮೇಜಿನ ಮೇಲೊಂದು ಪುಟ್ಟ ದೀಪ. ಸ್ವಂತ ಅನುಭವ ಬರೆಯುತ್ತಿದ್ದರೆ ಹಸಿರು, ಯಾರದೋ ಮಾತನ್ನು ಒಪ್ಪಿಸುತ್ತಿದ್ದರೆ ಕೆಂಪು.

ತತ್ವ ಸರಳವಾಗಿತ್ತು. ತಾನು ಕಂಡು ಉಂಡದ್ದನ್ನು ನೆನೆಯುವವರ ತಲೆಯಲ್ಲಿ ಮೊದಲು ಚಿತ್ರ ಏಳುತ್ತದೆ, ಮಾತು ಅದರ ಬೆನ್ನಿಗೆ ಬರುತ್ತದೆ. ಬಾಯಿಪಾಠ ಒಪ್ಪಿಸುವವರಲ್ಲಿ ಮಾತೇ ಮೊದಲು ಏಳುತ್ತದೆ, ಚಿತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಚಿತ್ರ ಏಳುವ ಜಾಗ ತಲೆಯ ಹಿಂಭಾಗ, ಮಾತು ಏಳುವ ಜಾಗ ಎಡಗಿವಿಯ ಆಸುಪಾಸು. ಎರಡರಲ್ಲಿ ಯಾವುದು ಮೊದಲು ಮಿಡಿಯಿತು ಎಂದು ಪಟ್ಟಿ ನೋಡುತ್ತಿತ್ತು, ಅಷ್ಟೇ.

ಈ ಪಟ್ಟಿ ಹುಟ್ಟಿದ್ದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ. ಅಲ್ಲಿ ತಯಾರಾದ ಪ್ರತಿಯೊಂದು ಪಟ್ಟಿಯೂ ಸರಿಯಾಗಿ ಅಳೆಯುತ್ತಿದೆಯೇ ಎಂದು ಒರೆಹಚ್ಚಿ ನೋಡುವ ವಿಭಾಗಕ್ಕೆ ಕಸ್ತೂರಿ ಹೊಸಮನಿ ಮುಖ್ಯಸ್ಥೆ. ನಲವತ್ತೆಂಟರ ಹೆಣ್ಣುಮಗಳು, ಮದುವೆಯಾಗಿರಲಿಲ್ಲ. ಮಾತು ನೇರ, ನಡಿಗೆ ಚುರುಕು, ತಾನು ಒರೆಹಚ್ಚಿದ ಪಟ್ಟಿಯ ಮೇಲೆ ತನ್ನ ಕಣ್ಣಿಗಿಂತ ಹೆಚ್ಚು ನಂಬಿಕೆ.

ಆ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು ಒಂದು ಭಾನುವಾರ, ಧಾರವಾಡದ್ದೇ ಹೊಸಯಲ್ಲಾಪುರ ಓಣಿಯ ಅಣ್ಣನ ಮನೆಯಲ್ಲಿ.

ಅವಳು ಚಪ್ಪಲಿ ಬಿಡುವಾಗಲೇ ಅಡುಗೆಮನೆಯಿಂದ ಅತ್ತಿಗೆ ಶಾಂತವ್ವನ ದನಿ ಏರಿತ್ತು.

"ಯಾರ್ ಬರದುಕೊಟ್ರು ನಿಂಗ ಇದನ್ನ? ಖರೇ ಹೇಳು. ಮಿಶಿನ್ ಕಡೆ ಬರಿಸಿಯೇನು?"

"ಯವ್ವಾ, ನೂರ್ ಸಲ ಹೇಳೀನಿ, ನಾನ ಬರದಿದ್ದು!"

ಉತ್ತರ ಕೊಟ್ಟವಳು ದಾನೇಶ್ವರಿ, ಕಸ್ತೂರಿಯ ಅಣ್ಣನ ಕಿರಿಯ ಮಗಳು. ಹನ್ನೆರಡನೆಯ ತರಗತಿ ಮುಗಿಸಿದ್ದಳು. ಅಭ್ಯಾಸಕ್ಕೆಂದು ಶಾಲೆಯವರು ಮನೆಗೆ ಕೊಟ್ಟ ಪಟ್ಟಿ ಅವಳ ತಲೆಯ ಮೇಲಿತ್ತು. ಊಟದ ಮೇಜಿನ ಮೇಲಿನ ದೀಪ ಕೆಂಡದ ಹಾಗೆ ಕೆಂಪಗೆ ಉರಿಯುತ್ತಿತ್ತು. ದಾನೇಶ್ವರಿಗೆ ಬೆಳಗಾವಿಯ ಕೃತಕ ಅಂಗಗಳ ಕಾಲೇಜು ಸೇರುವ ಹಟ. ಅಲ್ಲಿ ಅಂಕಗಳಿಗೆ ಅರ್ಧ ಬೆಲೆ, ಪ್ರಬಂಧಕ್ಕೆ ಅರ್ಧ. ಕೆಂಪು ಬಿದ್ದ ಪ್ರಬಂಧವನ್ನು ಯಾರೂ ತೆರೆದು ಓದುತ್ತಿರಲಿಲ್ಲ.

"ಏನ್ ಬರದಿ, ತೋರಸು," ಎಂದು ಕಸ್ತೂರಿ ಕುಳಿತಳು.

ಓದುತ್ತ ಹೋದಂತೆ ಅವಳಿಗೆ ನಗು ತಡೆಯಲಾಗಲಿಲ್ಲ. "'ಮಾನವಕುಲದ ಸೇವೆಯೇ ನನ್ನ ಬಾಳಿನ ಪರಮ ಗುರಿ.' ಇದನ್ನ ಯಾರು ಅಂದ್ರು?"

"ಎಲ್ಲಾರೂ ಅಂತಾರ, ಅತ್ತಿ."

"ಎಲ್ಲಾರೂ ಅನ್ನೂದನ್ನ ನೀ ಯಾಕ ಬರೀತಿ? ಕಾಟು ಹಾಕು. 'ಅಂಗವೈಕಲ್ಯವೆಂಬುದು ಶಾಪವಲ್ಲ, ವರ.' ಇದನ್ನ ನಿಮ್ಮ ಅಕ್ಕನ ಮುಂದ ಹೇಳಿದ್ರ ಆಕಿ ನಿಂಗ ಒದೀತಾಳ."

"ಅದೂ ಇದ್ದ ಕಾಲಿಲೆ ಒದೀತೀನಿ," ಎಂದು ಒಳಗಿನಿಂದ ಬಂದಳು ನೀಲಮ್ಮ.

ನೀಲಮ್ಮ ದಾನೇಶ್ವರಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಕ್ಕತಂಗಿಯರಿಬ್ಬರೂ ಸಣ್ಣವರಿದ್ದಾಗಿನಿಂದ ಊರ ಗರಡಿಮನೆಯಲ್ಲಿ ಹಗ್ಗದ ಮಲ್ಲಕಂಬ ಕಲಿತವರು. ತೂಗುಬಿಟ್ಟ ಹಗ್ಗವನ್ನು ಕಾಲ್ಬೆರಳ ಸಂದಿಯಲ್ಲಿ ಹಿಡಿದು ಮೇಲೇರಿ ಹಾವಿನ ಹಾಗೆ ಸುತ್ತಿ ನಿಲ್ಲುವುದರಲ್ಲಿ ಜೋಡಿಯೆಂದರೆ ಇವರದೇ. ಒಂದು ಸಂಜೆ ಹುಬ್ಬಳ್ಳಿ ರಸ್ತೆಯಲ್ಲಿ ಲಾರಿಯೊಂದು ನೀಲಮ್ಮನ ಬಲಗಾಲನ್ನು ಮೊಣಕಾಲಿನ ಕೆಳಗೆ ಕಸಿದುಕೊಂಡಿತು. ವರ್ಷ ಕಳೆದ ಮೇಲೆ ಅವಳು ಕೃತಕ ಕಾಲು ಕಟ್ಟಿಕೊಂಡು ಮತ್ತೆ ಹಗ್ಗಕ್ಕೆ ಬಂದಳು. ಮೊದಲ ಪ್ರದರ್ಶನದ ದಿನ, ಹಗ್ಗದ ನಡುಮಧ್ಯದಲ್ಲಿದ್ದಾಗ, ಆ ಕಾಲಿನ ಪಟ್ಟಿ ಜಾರಿ ಕಾಲೇ ಕಳಚಿ ಕೆಳಗೆ ಬಿತ್ತು. ನೀಲಮ್ಮನ ಹಿಡಿತ ತಪ್ಪಿತು. ಅದೇ ಹಗ್ಗದಲ್ಲಿ ಅವಳ ಮೇಲಿದ್ದ ದಾನೇಶ್ವರಿ ಕಾಲುಗಳಿಂದ ಹಗ್ಗವನ್ನು ಬಿಗಿಹಿಡಿದು, ತಲೆಕೆಳಗಾಗಿ ಬಾಗಿ, ಬೀಳುತ್ತಿದ್ದ ಅಕ್ಕನ ಮುಂಗೈ ಹಿಡಿದಳು. ಕೆಳಗಿನವರು ಗಾದಿ ಎಳೆದು ತರುವವರೆಗೂ ಬಿಡಲಿಲ್ಲ.

ದಾನೇಶ್ವರಿ ಬರೆದದ್ದು ಇದನ್ನೇ. ಕಸ್ತೂರಿ ಅದರ ಮೇಲಿನ ಜರಿ, ಗೊಂಡೆಗಳನ್ನೆಲ್ಲ ಕಿತ್ತು ಹಾಕಿಸಿದಳು. ನಡೆದದ್ದನ್ನು ನಡೆದ ಹಾಗೆ ಬರೆಯಲು ಹೇಳಿದಳು. ಇನ್ನೇನು ಹಸಿರು ಹತ್ತುತ್ತದೆ ಎಂದು ದೀಪದತ್ತ ನೋಡುತ್ತ ಕುಳಿತಳು.

"ನೀಲಕ್ಕನ ಕೈ ನನ್ನ ಕೈಯೊಳಗೆ ಬಂತು," ಎಂದು ಬರೆದಳು ದಾನೇಶ್ವರಿ.

ದೀಪ ಕೆಂಪಗೇ ಇತ್ತು.

"ಸುಳ್ಳು ಅನ್ನಾಕತ್ತೈತೇನು ಅದು?" ನೀಲಮ್ಮ ನಕ್ಕಳು. "ಹಂಗಾರ ನನ್ನ ಕಾಲು ಹೋಗಿದ್ದೂ ಸುಳ್ಳು ಅನ್ನು. ಚಲೋ ಆತು."

ದಾನೇಶ್ವರಿ ನಗಲಿಲ್ಲ. ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು ಎದ್ದು ಹೋದಳು. ಕಸ್ತೂರಿ ಆ ಪಟ್ಟಿಯನ್ನು ಪ್ರಯೋಗಾಲಯಕ್ಕೆ ಒಯ್ದು ತನ್ನ ಕೈಯಾರೆ ಪರೀಕ್ಷಿಸಿದಳು. ಅದರಲ್ಲಿ ಕೂದಲೆಳೆಯಷ್ಟೂ ದೋಷವಿರಲಿಲ್ಲ.

ಆ ವಾರ ಶಾಂತವ್ವ ಯಾರ ಮಾತೂ ಕೇಳದೆ ಮಗಳನ್ನು ಸಪ್ತಾಪುರದ ಒಂದು ಕೋಚಿಂಗ್ ಸೆಂಟರಿಗೆ ಸೇರಿಸಿದಳು. ಧಾರವಾಡದಲ್ಲಿ ಪರೀಕ್ಷೆ ಎಂಬುದೊಂದಿದ್ದರೆ ಸಪ್ತಾಪುರದಲ್ಲಿ ಅದಕ್ಕೊಂದು ಕೋಚಿಂಗ್ ಇದ್ದೇ ಇರುತ್ತದೆ. ಸಾಕ್ಷಿಪಟ್ಟಿಗೂ ಅಲ್ಲಿ ದಾರಿ ಕಂಡುಹಿಡಿದಿದ್ದರು. ಮಕ್ಕಳ ಕಣ್ಣಿಗೆ ಕನ್ನಡಕದಂಥ ಒಂದು ಯಂತ್ರ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಸುತ್ತಲೂ ಪ್ರವಾಹದ ನೀರು, ಮಾಡಿನ ಮೇಲೆ ಅಳುವ ಮಗು, ಚಾಚಿದ ನಿಮ್ಮದೇ ಕೈ. ಹತ್ತಾರು ಸಲ ನೋಡಿದ ಮೇಲೆ ಆ ಚಿತ್ರ ತಲೆಯಲ್ಲಿ ನಾಟಿಬಿಡುತ್ತಿತ್ತು. ಆಮೇಲೆ 'ನಾನು ಪ್ರವಾಹದಲ್ಲಿ ಮಗುವನ್ನು ಉಳಿಸಿದೆ' ಎಂದು ಬರೆದರೆ ಚಿತ್ರ ಮೊದಲು, ಮಾತು ಆಮೇಲೆ. ದೀಪ ಪಚ್ಚೆಹಸಿರು. ಬೇಕಾದವರಿಗೆ ಪ್ರವಾಹ, ಬೇಕಾದವರಿಗೆ ಹಿಮಾಲಯ, ಬೇಕಾದವರಿಗೆ ಆಸ್ಪತ್ರೆಯ ವಾರ್ಡು.

ಮೂರನೆಯ ದಿನವೇ ದಾನೇಶ್ವರಿ ಸೈಕಲ್ ತುಳಿದುಕೊಂಡು ನೇರ ಪ್ರಯೋಗಾಲಯಕ್ಕೆ ಬಂದಳು. ಮುಖ ಕೆಂಪೇರಿತ್ತು.

"ಅತ್ತಿ, ನಮ್ಮ ಬ್ಯಾಚಿನ್ಯಾಗ ಎಲ್ಲಾರಿಗೂ ಹಸರ ಬಂತು. ಹೊಳೀನ ನೋಡಲಾರ್ದ ಹುಡುಗೂರು ಹೊಳಿಯೊಳಗ ಈಸಿ ಬಂದ್ರು. ನಂಗಷ್ಟ ಅದರಾಗೂ ಕೆಂಪ. ಅಲ್ಲಿ ಸರ್ ಅಂದ್ರು, ಈ ಹುಡುಗಿ ತಲ್ಯಾಗ ಸಿನಿಮಾನೂ ಹತ್ತವಲ್ದು, ಕರಕೊಂಡು ಹೋಗ್ರಿ ಅಂತ. ನಂಗ ಖರೇ ಬರಿಯಾಕೂ ಬರೂದಿಲ್ಲ, ಸುಳ್ಳು ಬರಿಯಾಕೂ ಬರೂದಿಲ್ಲ. ನಾ ಏನ್ ಮಾಡ್ಲಿ ಈಗ?"

ಕಸ್ತೂರಿ ಒಂದೇ ಕ್ಷಣದಲ್ಲಿ ಎರಡು ಸಂಗತಿ ಕೇಳಿದ್ದಳು. ತನ್ನ ಪಟ್ಟಿ ಸುಳ್ಳಿಗೆ ಹಸಿರು ತೋರಿಸುತ್ತಿದೆ. ಸಿನಿಮಾ ನಾಟದ ತಲೆಯೊಂದಿದೆ. ಮೊದಲನೆಯದಕ್ಕೆ ಅವಳಿಗೆ ಸಿಟ್ಟು ಬಂತು. ಎರಡನೆಯದಕ್ಕೆ ಮೈ ಜುಮ್ಮೆಂದಿತು. ಅವಳು ವಿಜ್ಞಾನಿ, ಹಾಗಾಗಿ ಎರಡನೆಯದನ್ನೇ ಮೊದಲು ಹಿಡಿದಳು.

"ಕೂಡಿಲ್ಲೆ. ನೀರು ಕುಡಿ. ಈಗ ನಾ ಕೇಳೂದಕ್ಕ ತಿಳದಷ್ಟು ಹೇಳು. ಆವತ್ತು ಪ್ರದರ್ಶನದ ದಿವಸ ಹಗ್ಗ ಯಾವ ಬಣ್ಣದ್ದಿತ್ತು?"

"ಗೊತ್ತಿಲ್ಲ."

"ನೀಲಾ ಏನ್ ಹಾಕ್ಕೊಂಡಿದ್ಲು?"

"ನೆನಪಿಲ್ಲ."

"ಕಣ್ಣ ಮುಚ್ಚು. ಆಕೀನ ನೆನಸ್ಕೋ. ಏನ್ ಕಾಣ್ತೈತಿ?"

ದಾನೇಶ್ವರಿ ಕಣ್ಣು ಮುಚ್ಚಿದಳು. "ಏನ್ ಕಾಣಬೇಕು? ಕಣ್ಣ ಮುಚ್ಚಿದ್ರ ಕತ್ತಲ."

"ನೀಲಾನ ಮುಖ ಕಾಣೂದಿಲ್ಲ?"

"ಕಣ್ಣ ಮುಚ್ಚೀನಲ್ಲ ಅತ್ತಿ, ಹೆಂಗ ಕಾಣ್ತೈತಿ? ನಿಮಗ ಕಾಣ್ತೈತೇನು?"

ಕಸ್ತೂರಿ ಕಣ್ಣು ಮುಚ್ಚಿದಳು. ತೀರಿಹೋದ ತನ್ನ ತಾಯಿ ಮೂಗುಬಟ್ಟು ಸಮೇತ ಕಣ್ಣ ಮುಂದೆ ನಿಂತಳು. "ಹೌದವ್ವಾ," ಅಂದಳು ಮೆಲ್ಲಗೆ. "ಕಾಣ್ತೈತಿ. ಬಹಳ ಮಂದಿಗೆ ಕಾಣ್ತೈತಿ."

ದಾನೇಶ್ವರಿ ಬಾಯಿ ತೆರೆದು ಕೂತಳು. "ಅಂದ್ರ… 'ಕಣ್ಣಿಗೆ ಕಟ್ಟಿದಂಗ ಐತಿ' ಅಂತಾರಲ್ಲ, ಅದು ಬರೇ ಮಾತಲ್ಲೇನು? ಖರೇನ ಕಟ್ಟತೈತಿ?"

ಹದಿನೇಳು ವರ್ಷ ಆ ಹುಡುಗಿ ಅದನ್ನು ಬರೀ ನುಡಿಗಟ್ಟು ಎಂದೇ ತಿಳಿದಿದ್ದಳು. ಮಂದಿ 'ಹೊಟ್ಟೆಯಲ್ಲಿ ಬೆಂಕಿ' ಅನ್ನುವಂತೆ ಇದೂ ಒಂದು ಅಂದುಕೊಂಡಿದ್ದಳು. ಒಳಗಣ್ಣಿನಲ್ಲಿ ಚಿತ್ರ ಮೂಡದವರು ಇದ್ದಾರೆಂದು ಕಸ್ತೂರಿ ಓದಿದ್ದಳು. ಆದರೆ ತನ್ನ ಮನೆಯಲ್ಲೇ, ತಾನೇ ತೊಟ್ಟಿಲು ತೂಗಿದ ಮಗುವೊಂದು ಹಾಗಿದೆಯೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಮತ್ತ ನಿಂಗ ಆ ದಿವಸ ಹೆಂಗ ನೆನಪೈತಿ?"

"ನೆನಪೈತಿ ಅಂದ್ರ… ನೆನಪೈತಿ. ಆಕಿ ಜಾರಿದ್ಲು. ನಾ ಹಿಂಗ ಬಗ್ಗಿದ್ನಿ…"

ಹೇಳುತ್ತ ಹೇಳುತ್ತ ಅವಳ ತೊಡೆಗಳು ಕುರ್ಚಿಯನ್ನು ಬಿಗಿಹಿಡಿದವು. ಬಲಭುಜ ಕೆಳಗಿಳಿಯಿತು. ಬೆರಳುಗಳು ಗಾಳಿಯಲ್ಲಿ ಯಾವುದೋ ಮುಂಗೈಯ ಸುತ್ತ ಮುಚ್ಚಿಕೊಂಡವು. ಇದೆಲ್ಲ ಆದ ಮೇಲೆ ಬಾಯಿಂದ "ಹಿಡದ್ನಿ" ಎಂಬ ಮಾತು ಹೊರಟಿತು. ಅವಳಿಗೆ ತನ್ನ ಕೈ ಏನು ಮಾಡುತ್ತಿದೆ ಎಂಬ ಪರಿವೆಯೇ ಇರಲಿಲ್ಲ.

ಕಸ್ತೂರಿ ಎದ್ದು ಕಪಾಟು ತೆರೆದಳು. ಸಂಶೋಧನೆಯ ಮೊದಲ ದಿನಗಳಲ್ಲಿ ಬಳಸುತ್ತಿದ್ದ, ಇಡೀ ತಲೆಯನ್ನು ಮುಚ್ಚುವ ಟೋಪಿ ಅಲ್ಲಿತ್ತು. ಲಕ್ಷಗಟ್ಟಲೆ ಮಕ್ಕಳಿಗೆ ಅಂಥ ಟೋಪಿ ಕೊಡಲು ಆಗದೆಂದು ಅದನ್ನು ಕತ್ತರಿಸಿ ಪಟ್ಟಿ ಮಾಡಿದ್ದರು. ಹಿಂದಲೆ ಉಳಿಯಿತು, ಎಡಗಿವಿ ಉಳಿಯಿತು, ನೆತ್ತಿ ಬಿಟ್ಟುಹೋಯಿತು. ಕೈಕಾಲುಗಳ ಚಲನೆಯನ್ನು ಆಳುವ ಜಾಗ ನೆತ್ತಿಯ ಆಚೀಚೆ. ಪ್ರಬಂಧ ಬರೆಯಲು ಅದು ಯಾಕೆ ಬೇಕು ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ.

ಮರುದಿನ ಅಣ್ಣನ ಒಪ್ಪಿಗೆ ಪಡೆದು, ಪ್ರಯೋಗಾಲಯದ ಮುಖ್ಯಸ್ಥರಿಗೆ ತಿಳಿಸಿ, ಹಗಲು ಬೆಳಕಿನಲ್ಲೇ ಪರೀಕ್ಷೆ ನಡೆಸಿದಳು. ದಾನೇಶ್ವರಿ ಟೋಪಿ ಧರಿಸಿ ಹಗ್ಗದ ಕಥೆ ಹೇಳಿದಳು. ಪರದೆಯ ಮೇಲೆ ಹಿಂದಲೆ ಕೆರೆಯ ನೀರಿನಂತೆ ತಣ್ಣಗಿತ್ತು. ನೆತ್ತಿ ಮಾತ್ರ ಒಲೆಯಂತೆ ಭಗ್ಗೆಂದು ಹೊತ್ತಿಕೊಂಡಿತು. ಅದರ ಹಿಂದೆ, ಒಂದು ಎಳೆ ತಡವಾಗಿ, ಮಾತಿನ ಜಾಗ ಮಿಡಿಯಿತು. ಮೊದಲು ಕೈ, ಆಮೇಲೆ ಮಾತು.

"ಈಗ ಕೋಚಿಂಗಿನ ಹೊಳಿ ಕಥಿ ಹೇಳು," ಎಂದಳು ಕಸ್ತೂರಿ.

ಹುಡುಗಿ ಒಪ್ಪಿಸಿದಳು. ಹಿಂದಲೆ ತಣ್ಣಗೆ, ನೆತ್ತಿ ತಣ್ಣಗೆ. ಮಾತು ಮಾತ್ರ ಒಂದೇ ಸಮನೆ ಹರಿಯಿತು.

ಕಸ್ತೂರಿ ಕುರ್ಚಿಗೆ ಒರಗಿ ಗಟ್ಟಿಯಾಗಿ ನಕ್ಕಳು. ತಾನು ಹುಡುಕದೇ ಇದ್ದ ಬಾಗಿಲು ತಾನಾಗಿ ತೆರೆದಾಗ ವಿಜ್ಞಾನಿಗಳು ನಗುವ ನಗು ಅದು. "ದಾನಿ, ನೀ ಸುಳ್ಳು ಹೇಳಾಕತ್ತಿಲ್ಲ. ನಮ್ಮ ಪಟ್ಟಿಗೆ ನಿನ್ನ ಭಾಷಾ ಬರೂದಿಲ್ಲ, ಅಷ್ಟ!"

ಒಬ್ಬಳ ಪರೀಕ್ಷೆಯಿಂದ ಯಾವುದೂ ಸಾಬೀತಾಗುವುದಿಲ್ಲ. ಗರಡಿಮನೆಯ ಮಕ್ಕಳು ಬಂದರು, ಮಗ್ಗದವರು ಬಂದರು, ತಬಲಾ ನುಡಿಸುವವರು ಬಂದರು. ಬಹಳಷ್ಟು ಜನರಲ್ಲಿ ಚಿತ್ರವೂ ಇತ್ತು, ಕೈಯೂ ಇತ್ತು. ಕೆಲವರಲ್ಲಿ ದಾನೇಶ್ವರಿಯ ಹಾಗೆ ಬರೀ ಕೈ. ಬರೀ ಕೈಯವರೆಲ್ಲರಿಗೂ ಪಟ್ಟಿ ಕೆಂಪು ತೋರಿಸಿತು.

ಪ್ರಯೋಗಾಲಯದ ಮುಖ್ಯಸ್ಥ ಪ್ರಹ್ಲಾದ ಕಟ್ಟಿಯವರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. ಸಾಕ್ಷಿಪಟ್ಟಿ ಅವರ ಇಪ್ಪತ್ತು ವರ್ಷಗಳ ತಪಸ್ಸು.

"ಕಸ್ತೂರಿಯವರ, ಪರೀಕ್ಷಾ ಬಂತು ನೋಡ್ರಿ. ಈಗ ಪಟ್ಟಿ ಸರಿ ಇಲ್ಲ ಅಂತ ಹೇಳಿದ್ರ ಊರೆಲ್ಲ ಗದ್ದಲ ಆಗ್ತದ. ಅದರಾಗೂ ಆ ಹುಡುಗಿ ನಿಮ್ಮ ಅಣ್ಣನ ಮಗಳು. ಮಂದಿ ಸುಮ್ಮನ ಇರ್ತಾರೇನು?"

"ಅನ್ಲಿ ಸರ್. ಅದಕ್ಕ ಆಕಿ ಒಬ್ಬಾಕೀದು ತಂದಿಲ್ಲ, ಇಷ್ಟೂ ಮಂದೀದು ತಂದೀನಿ. ಬೇಕಾರ ಆಕೀದು ತಗದು ಇಟ್ಟು ಉಳದಿದ್ದು ನೋಡ್ರಿ."

"ಮುಂದಿನ ವರ್ಷ ಸರಿ ಮಾಡೋಣ. ಈ ವರ್ಷ ಹಿಂಗ ನಡದು ಹೋಗ್ಲಿ."

"ತಕ್ಕಡಿ ತಪ್ಪೈತಿ ಅಂತ ಗೊತ್ತಾದ ಮ್ಯಾಲೂ ಅದರಾಗ ತೂಗಿದ್ರ, ಅದು ವ್ಯಾಪಾರ ಆಕ್ಕೈತಿ ಸರ್, ವಿಜ್ಞಾನ ಅಲ್ಲ."

ಕಟ್ಟಿಯವರ ಮುಖ ಬಿಗಿಯಾಯಿತು. ಕಸ್ತೂರಿ ತಂದ ಕಾಗದಗಳನ್ನು ಮತ್ತೊಮ್ಮೆ ತಿರುವಿ ನೋಡಿದರು. ಕೊನೆಗೆ, "ಪ್ರವೇಶ ಸಮಿತಿ ಶುಕ್ರವಾರ ಇಲ್ಲೇ ಕೂಡ್ತದ. ಹೇಳೋದು ಅವರ ಮುಂದ ಹೇಳ್ರಿ. ನಾ ತಡಿಯೋದಿಲ್ಲ, ನಿಮ್ಮ ಪರ ಮಾತಾಡೋದೂ ಇಲ್ಲ," ಎಂದರು.

ಕಸ್ತೂರಿಗೆ ಅಷ್ಟೇ ಸಾಕಿತ್ತು.

ಶುಕ್ರವಾರ ಸಮಿತಿಯ ಅಧ್ಯಕ್ಷೆ ಶಾಹೀನ್ ಸವಣೂರ ಮತ್ತು ಇತರ ಸದಸ್ಯರು ಪ್ರಯೋಗಾಲಯದ ನಿಯಂತ್ರಣ ಕೊಠಡಿಯಲ್ಲಿ ಸೇರಿದರು. ಕಸ್ತೂರಿ ಭಾಷಣ ಮಾಡಲಿಲ್ಲ. ಪೆಟ್ಟಿಗೆಯಿಂದ ಹೊಸ ಪಟ್ಟಿಯೊಂದನ್ನು ತೆಗೆದು ಕಟ್ಟಿಯವರ ಕೈಗೇ ಕೊಟ್ಟಳು. "ನೀವ ಕಟ್ರಿ ಸರ್, ಆಮ್ಯಾಲ ಯಾರೂ ಏನೂ ಅನಬಾರದು." ಅವರು ಅವಳ ಹಣೆಗೆ ಪಟ್ಟಿ ಬಿಗಿದರು. ಅವಳು ಬರೆಯಲು ಕುಳಿತಳು. ಬರೆದದ್ದೆಲ್ಲ ದೊಡ್ಡ ಪರದೆಯ ಮೇಲೆ ಮೂಡುತ್ತ ಹೋಯಿತು.

'ಹಿಮದ ಮೇಲೆ ಬೆಳಕು ಬಿದ್ದಾಗ ಮೊದಲು ಅದು ಬಿಳಿಯಾಗಿರಲಿಲ್ಲ, ದಾಸವಾಳದ ಬಣ್ಣಕ್ಕಿತ್ತು. ನಮ್ಮ ಮುಂದೆ ಹೋಗುತ್ತಿದ್ದ ಕುದುರೆಯ ಮೂಗಿನಿಂದ ಹಬೆ ಏಳುತ್ತಿತ್ತು. ಬಲಗಡೆ ಸಾವಿರಾರು ಅಡಿ ಕಂದರ…'

ದೀಪ ಹಸಿರು. ಒಮ್ಮೆಯೂ ಮಿಣುಕಲಿಲ್ಲ. ಸದಸ್ಯರು ಮೆಚ್ಚಿ ತಲೆದೂಗಿದರು. ಕಟ್ಟಿಯವರು ಮಾತ್ರ ಹುಬ್ಬು ಗಂಟಿಕ್ಕಿದರು.

"ನೀವು ಹಿಮಾಲಯಕ್ಕ ಯಾವಾಗ ಹೋಗಿದ್ರಿ ಕಸ್ತೂರಿಯವರ? ಇಷ್ಟು ವರ್ಷದಾಗ ನೀವು ರಜಾ ತಗೊಂಡಿದ್ದ ನಾ ನೋಡಿಲ್ಲ."

"ನಿನ್ನಿ ಮಧ್ಯಾಹ್ನ ಹತ್ತು ಸಲ ಹೋಗಿದ್ನಿ ಸರ್. ಸಪ್ತಾಪುರದಾಗ, ಕೋಚಿಂಗ್ ಸೆಂಟರಿನ ಕನ್ನಡಕದೊಳಗ. ಚಾ ಕುಡಿಯೂ ಹೊತ್ತಿಗೆ ಹೊಳ್ಳಿ ಬಂದ್ನಿ."

ಕೊಠಡಿಯಲ್ಲಿ ಯಾರೋ ನಕ್ಕರು, ನಕ್ಕವರೇ ತಟ್ಟನೆ ನಿಲ್ಲಿಸಿದರು. ಶಾಹೀನ್ ಸವಣೂರ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ದಾನೇಶ್ವರಿ ಬಂದಳು. ಮೊದಲು ಪಟ್ಟಿ ಕಟ್ಟಿಕೊಂಡು ಹೇಳಿದಳು: ಕೆಂಪು. ಪಕ್ಕದಲ್ಲೇ ಕುಳಿತಿದ್ದ ನೀಲಮ್ಮ ತನ್ನ ಅಂಗಿಯ ತೋಳು ಸರಿಸಿ, "ಆವತ್ತು ಈಕಿ ಹಿಡದಿದ್ದು ಇಲ್ಲಿ ವಾರಗಟ್ಲೆ ಕಪ್ಪಗಾಗಿತ್ರಿ. ಊರ ಮಂದಿ ನೋಡೈತಿ. ಈ ದೀಪ ಅಷ್ಟ ನೋಡಿಲ್ಲ," ಎಂದಳು. ಆಮೇಲೆ ದಾನೇಶ್ವರಿಗೆ ಟೋಪಿ ತೊಡಿಸಿದರು. ಅದೇ ಕಥೆ, ಅದೇ ಮಾತು. ಪರದೆಯ ಮೇಲೆ ನೆತ್ತಿ ಹೊತ್ತಿಕೊಂಡದ್ದನ್ನು ಎಲ್ಲರೂ ನೋಡಿದರು.

ಮೊದಲು ಎದ್ದು ನಿಂತವರು ಕಟ್ಟಿಯವರು. ಮಾತಾಡುವುದಿಲ್ಲ ಎಂದಿದ್ದವರು, ಗಂಟಲು ಸರಿಪಡಿಸಿಕೊಂಡು, "ನಾವು ಮಾಡಿದ ಯಂತ್ರ ಮಂದೀನ ಅಳೀಲಿಕ್ಕೆ ಸಾಲೋದಿಲ್ಲ. ಇದನ್ನ ಬ್ಯಾರೆ ಯಾರರ ಹೇಳೂಕಿಂತ ನಾ ಹೇಳೋದು ಚಲೋ," ಎಂದು ಕುಳಿತರು. ಕಸ್ತೂರಿಗೆ ಅವರ ಮೇಲೆ ಹಿಂದೆಂದೂ ಇಲ್ಲದಷ್ಟು ಗೌರವ ಬಂತು.

ಪರೀಕ್ಷೆ ಮುಂದೂಡಲು ಸಮಯವಿರಲಿಲ್ಲ. ಸಮಿತಿ ಮಧ್ಯದ ದಾರಿ ಹಿಡಿಯಿತು. ಪಟ್ಟಿ ಇರುತ್ತದೆ, ಆದರೆ ದೀಪದ ಬಣ್ಣ ನೋಡಿ ಯಾವ ಪ್ರಬಂಧವನ್ನೂ ಎಸೆಯುವಂತಿಲ್ಲ. ಎಲ್ಲವನ್ನೂ ಮನುಷ್ಯರೇ ಓದಬೇಕು, ಹಿಡಿಸಿದ ಪ್ರಬಂಧ ಬರೆದವರನ್ನು ಕರೆದು ಮುಖಾಮುಖಿ ಮಾತಾಡಿಸಬೇಕು. ನೆತ್ತಿಯನ್ನೂ ಮುಟ್ಟುವ ಹೊಸ ಪಟ್ಟಿ ಮಾಡುವ ಹೊಣೆ ಕಸ್ತೂರಿಯ ತಲೆಗೆ ಬಂತು. ಅದಕ್ಕೆ ವರ್ಷಗಳೇ ಬೇಕು ಎಂದು ಅವಳು ಅಲ್ಲೇ ಹೇಳಿದಳು.

ಮನೆಯಲ್ಲಿ ಶಾಂತವ್ವನಿಗೆ ಇನ್ನೂ ಧೈರ್ಯ ಸಾಲದು. "ಓದೂ ಮಂದಿ ಒಮ್ಮೆ ದೀಪದ ಕಡೆ ನೋಡೇ ನೋಡ್ತಾರ. ಬಣ್ಣ ಹಿಡದು, ರಂಗೋಲಿ ಹಿಡದು ಏನರ ಚಂದಂದು ಬರಿಯವ್ವಾ. ನೀಲಾನ ಸುದ್ದಿ ಯಾಕ ಬೇಕು?"

"ಯಾಕಂದ್ರ ಆ ಕಾಲಿನ ಸಲುವಾಗಿ ನಾ ಅಲ್ಲಿಗೆ ಹೊಂಟೀನಿ, ಯವ್ವಾ. ರಂಗೋಲಿ ಸಲುವಾಗಿ ಅಲ್ಲ."

ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗಳನ್ನು ನೋಡಿದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಅಂದಿನಿಂದ ಸಂಜೆಯ ಹೊತ್ತು ಅತ್ತೆ ಸೊಸೆ ಇಬ್ಬರೂ ಅಂಗಳದಲ್ಲಿ ಕೂರತೊಡಗಿದರು. ಈಗ ಕಸ್ತೂರಿ ಪೆನ್ನು ಹಿಡಿಯಲು ಬಿಡುತ್ತಲೇ ಇರಲಿಲ್ಲ. "ಮೊದಲ ಮಾಡಿ ತೋರಸು, ಆಮ್ಯಾಲ ಹೇಳು, ಆಮ್ಯಾಲ ಬರಿ," ಅನ್ನುವಳು. ಅಂಗಳದ ಮಾವಿನ ಟೊಂಗೆಗೆ ಹಗ್ಗ ಕಟ್ಟಿ, ದಾನೇಶ್ವರಿ ತಲೆಕೆಳಗಾಗಿ ನೇತಾಡುತ್ತಲೇ ಒಂದೊಂದು ವಾಕ್ಯ ಹೇಳುವಳು. ನೀಲಮ್ಮ ಕೆಳಗೆ ನಿಂತು, "ಅದು ಸುಳ್ಳು, ಆಗ ನಿನ್ನ ಎಡಗೈ ಹಗ್ಗದ ಮ್ಯಾಲಿತ್ತು," ಎಂದು ತಿದ್ದುವಳು. ಓಣಿಯ ಮಂದಿ ಗೋಡೆಯ ಮೇಲಿಂದ ಇಣುಕಿ, ಪ್ರಬಂಧ ಬರೆಯುವ ಈ ಹೊಸ ರೀತಿ ನೋಡಿ ಬೆರಗಾಗಿ ಹೋಗುವರು.

ಒಂದು ಸಂಜೆ ದಾನೇಶ್ವರಿ ಬರೆದು ತೋರಿಸಿದ ಸಾಲುಗಳನ್ನು ಕಸ್ತೂರಿ ಎರಡು ಸಲ ಓದಿದಳು.

'ಅವಳ ಮುಂಗೈ ಬೆವರಿಗೆ ಜಾರುತ್ತಿತ್ತು. ನಾನು ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ಮೂಳೆಯ ಗಂಟು ಸಿಕ್ಕಿದ ಮೇಲೆ ಬಿಗಿದೆ. ಮೂಳೆ ಸಿಕ್ಕಿದರೆ ಜಾರುವುದಿಲ್ಲ. ಮರುದಿನ ಅವಳ ಕೃತಕ ಕಾಲನ್ನು ಬಿಚ್ಚಿ ನೋಡಿದೆ. ಅದು ಮೊಣಕಾಲಿನ ಸುತ್ತ ಮಾಂಸವನ್ನು ಮಾತ್ರ ಹಿಡಿಯುತ್ತಿತ್ತು, ಮೂಳೆಯ ಗಂಟನ್ನು ಹಿಡಿಯುತ್ತಿರಲಿಲ್ಲ. ಅದನ್ನು ಮಾಡಿದವರು ನಡೆಯುವವರನ್ನು ನೆನೆದು ಮಾಡಿದ್ದರು. ಏರುವವರನ್ನು ನೆನೆದಿರಲಿಲ್ಲ. ನಾನು ಏರುವವರಿಗೆ ಕಾಲು ಮಾಡಬೇಕು.'

"ಇದರಾಗ ನಾ ಏನೂ ತಿದ್ದೂದಿಲ್ಲ," ಎಂದಳು ಕಸ್ತೂರಿ.

ಪರೀಕ್ಷೆಯ ದಿನ ಅವಳು ನಿಯಂತ್ರಣ ಕೊಠಡಿಯಲ್ಲಿದ್ದಳು. ತಾನಾಗಿ ಕೇಳಿಕೊಂಡು, ದಾನೇಶ್ವರಿ ಬರೆಯುತ್ತಿದ್ದ ಧಾರವಾಡ ಬಿಟ್ಟು ಬಳ್ಳಾರಿಯ ಕೇಂದ್ರಗಳ ಪರದೆಯ ಮುಂದೆ ಕುಳಿತಿದ್ದಳು. ಹಸಿರು ಚುಕ್ಕೆಗಳ ನಡುವೆ ಅಲ್ಲಲ್ಲಿ ಕೆಂಪು ಚುಕ್ಕೆ. ಹಿಂದೆಲ್ಲ ಕೆಂಪು ಕಂಡರೆ 'ಸಿಕ್ಕಿಬಿದ್ದ' ಅನ್ನಿಸುತ್ತಿತ್ತು. ಈಗ ಒಂದು ಕೆಂಪು ಚುಕ್ಕೆಯನ್ನು ನೋಡಿ, ಈ ಮಗು ಏನನ್ನು ಹೇಗೆ ನೆನೆಯುತ್ತಿರಬಹುದು ಎಂದು ತಿಳಿಯುವ ಆಸೆಯಾಯಿತು. ಕೈಯಲ್ಲೂ ಅಲ್ಲದೆ, ಕಣ್ಣಲ್ಲೂ ಅಲ್ಲದೆ, ಮೂಗಿನಲ್ಲಿ ನೆನೆಯುವವರು ಇದ್ದರೆ? ಅವಳು ಚೀಟಿಯೊಂದರ ಮೇಲೆ ಹಾಗೆಂದು ಗೀಚಿ ಜೇಬಿಗೆ ಹಾಕಿಕೊಂಡಳು. ಮುಂದಿನ ಹತ್ತು ವರ್ಷಕ್ಕೆ ಸಾಕಾಗುವಷ್ಟು ಕೆಲಸ ಅದರಲ್ಲಿತ್ತು. ಅವಳಿಗೆ ಅದರಿಂದ ಖುಷಿಯೇ ಆಯಿತು.

ದಾನೇಶ್ವರಿಯ ಮೇಜಿನ ದೀಪ ಮೊದಲಿನಿಂದ ಕೊನೆಯವರೆಗೂ ಕೆಂಪಗಿತ್ತಂತೆ. ಅವಳು ಅದರ ಮೇಲೆ ತನ್ನ ಕರವಸ್ತ್ರ ಮುಚ್ಚಿ ಬರೆದು ಬಂದಿದ್ದಳು.

ಬೆಳಗಾವಿಯಿಂದ ಕರೆ ಬಂತು. ಸಂದರ್ಶನದ ದಿನ ಕಸ್ತೂರಿ, ನೀಲಮ್ಮ ಇಬ್ಬರೂ ಜೊತೆಗೆ ಹೋದರು. ಹುಡುಗಿ ಒಳಗೆ ಹೋದ ಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತು ನೀಲಮ್ಮ ಕಾಲು ಆಡಿಸುತ್ತಿದ್ದಳು. ಕಸ್ತೂರಿ ಎದ್ದು ಓಡಾಡುತ್ತಿದ್ದಳು. ಬೇರೆ ಮಕ್ಕಳು ಹೋದಷ್ಟೇ ಬೇಗ ಹೊರಬಂದರು. ದಾನೇಶ್ವರಿ ಬರಲಿಲ್ಲ. ಬಿಸಿಲು ವರಾಂಡದ ಈ ಕಂಬದಿಂದ ಆ ಕಂಬಕ್ಕೆ ಸರಿಯಿತು.

ಕೊನೆಗೆ ಬಾಗಿಲು ತೆರೆಯಿತು. ಹುಡುಗಿಯ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಏನ್ ಕೇಳಿದ್ರು?" ಕಸ್ತೂರಿಯೇ ಮುಂದಾದಳು.

"ಒಬ್ಬರು ವಯಸ್ಸಾದ ಸರ್ ಇದ್ರು. ಅವರು ಕೃತಕ ಕೈ ಮಾಡ್ತಾರಂತ. ಪ್ರಬಂಧ ಪೂರಾ ಓದ್ಯಾರ, ಗೆರಿ ಹಾಕಿ ಇಟ್ಟಿದ್ರು. 'ಇಷ್ಟೆಲ್ಲಾ ಬರದಿ, ಹೆದರಿಕಿ ಎಲ್ಲೈತಿ ಇದರಾಗ? ಅಕ್ಕ ಬೀಳಾಕತ್ತಾಳ, ನಿಂಗ ಹೆದರಿಕಿ ಆಗಲಿಲ್ಲೇನು?' ಅಂದ್ರು."

"ನೀ ಏನಂದಿ?"

"'ಆಗಿರಬೇಕ್ರಿ ಸರ್, ಆದ್ರ ನಂಗ ನೆನಪಿಲ್ಲ. ಹಿಡಿದಿದ್ದಷ್ಟ ನೆನಪೈತಿ. ನೆನಪಿರಲಾರದ್ದನ್ನ ಬರದ್ರ ಓದವ್ರಿಗೆ ಚಲೋ ಅನಸ್ತಿತ್ತು, ಆದ್ರ ಅದು ನಂದಾಗತಿರ್ಲಿಲ್ಲ' ಅಂದ್ನಿ."

ಇಪ್ಪತ್ತು ವರ್ಷ ಒಂದು ಪ್ರಯೋಗಾಲಯ ಯಂತ್ರ ಕಟ್ಟಿ ಹುಡುಕಿದ್ದನ್ನು ಈ ಹುಡುಗಿ ಒಂದು ಮಾತಿನಲ್ಲಿ ಹೇಳಿ ಬಂದಿದ್ದಳು.

"ಆಮ್ಯಾಲ?" ನೀಲಮ್ಮ ಬೆಂಚಿನಿಂದ ಎದ್ದೇ ನಿಂತಳು.

"ಆಮ್ಯಾಲ ಬಹಳ ಹೊತ್ತು ಮೊಣಕಾಲ ಮೂಳಿ ಬಗ್ಗೆ ಮಾತಾಡಿದ್ರು. ಬೋರ್ಡ್ ಮ್ಯಾಲ ಚಿತ್ರ ಬರದ್ರು. ನಂಗ ಚಿತ್ರ ತಿಳಿಯೂದಿಲ್ಲ ಸರ್ ಅಂದ್ನಿ. ಒಂದು ಕಾಲಿನ ಮಾದರಿ ತಂದು ಕೈಯಾಗ ಕೊಟ್ರು. ಅದಕ್ಕ ತಡ ಆತು."

"ಏ ಹುಡುಗಿ, ಅದೆಲ್ಲ ಇರ್ಲಿ, ಕಡೀಕ ಏನಂದ್ರು?"

"ಕಡೀಕ?" ದಾನೇಶ್ವರಿಗೆ ಈಗ ನಗು ತಡೆಯಲಾಗಲಿಲ್ಲ. "ಯಾವಾಗ ಬಂದು ಸೇರ್ತಿ ಅಂದ್ರು."

"ಅದನ್ನ ಮೊದಲ ಹೇಳಾಕ ಏನಾಗಿತ್ತ ನಿಂಗ!" ಎಂದು ನೀಲಮ್ಮ ತಂಗಿಯ ಬೆನ್ನ ಮೇಲೆ ಗುದ್ದಿದ ಸದ್ದು ಇಡೀ ವರಾಂಡಕ್ಕೆ ಕೇಳಿಸಿತು. ಕಸ್ತೂರಿ ಫೋನು ತೆಗೆದು ಹೊಸಯಲ್ಲಾಪುರಕ್ಕೆ ಹಚ್ಚಿದಳು. ಆ ಕಡೆಯಿಂದ ಶಾಂತವ್ವ, "ಯಾವ ಬಣ್ಣ ಬಂತು?" ಎಂದು ಕೇಳಿದಳು. ಮೂವರೂ ನಗುತ್ತಲೇ, ಬೆಳಗಾವಿಯ ಹೆಸರಾದ ಸಿಹಿ ಕುಂದಾ ಸಿಗುವ ಅಂಗಡಿ ಹುಡುಕಿಕೊಂಡು ಬೀದಿಗಿಳಿದರು.